ಚೂರಿಯಕ್ಕನ ಕೆಂಪು ಬಕೆಟ್ಟು

ಹೆಸರು ಕೇಳಿ ಹೆದರಬೇಡಿ. ಚೂರಿಯಕ್ಕ ಯಾರನ್ನೂ ಇರಿದವಳಲ್ಲ. ಅವಳ ಬೈಗುಳ ತಿಂದವರ ಪಟ್ಟಿ ಮಾತ್ರ ಉದ್ದವಿದೆ. ಬಂದರಿನ ಶೆಡ್ಡಿನಲ್ಲಿ ಮೀನು ಸೀಳಿ ಶುಚಿ ಮಾಡುವುದು ಅವಳ ಕೆಲಸ, ಮೂವತ್ತೊಂದು ವರ್ಷಗಳಿಂದ. ಅವಳ ಚೂರಿ ಮೊದಲು ಒಂದು ಗೇಣು ಇತ್ತಂತೆ, ಕಲ್ಲಿಗೆ ಉಜ್ಜಿ ಉಜ್ಜಿ ಈಗ ನಡುಬೆರಳಿನಷ್ಟಾಗಿದೆ. ಹೊಸದು ತರಿಸುತ್ತೇನೆಂದು ಶೆಡ್ಡಿನ ಮೇಸ್ತ್ರಿ ಎಷ್ಟೋ ಸಲ ಹೇಳಿದ. "ಹೊಸ ಕೈ ತರಿಸೋ ದಿನ ಹೇಳಿ, ಅವತ್ತು ಹೊಸ ಚೂರಿನೂ ತಗೋತೀನಿ" ಎಂದು ಅವನ ಬಾಯಿ ಮುಚ್ಚಿಸಿದಳು.

ಶೆಡ್ಡೆಂದರೆ ತಗಡಿನ ಮಾಡು, ಒಂದು ಕಡೆಗೆ ಇಳಿಜಾರಾದ ಸಿಮೆಂಟಿನ ಉದ್ದನೆಯ ಕಟ್ಟೆ, ಅದರ ಕೆಳಗೆ ಚರಂಡಿ, ಎಷ್ಟು ತಿರುಗಿಸಿದರೂ ಪೂರ್ತಿ ನಿಲ್ಲದ ನಾಲ್ಕು ನಲ್ಲಿಗಳು. ಕಿಟಕಿಯ ಪಕ್ಕದ ಮೂಲೆ ಅವಳದು. ಅವಳ ನಲ್ಲಿ ಎಲ್ಲಕ್ಕಿಂತ ಹೆಚ್ಚು ಸೋರುತ್ತಿತ್ತು, ಅದಕ್ಕೊಂದು ಹಳೇ ಬಟ್ಟೆ ಸುತ್ತಿದ್ದಳು. ರಬ್ಬರಿನ ಬೂಟುಗಳಲ್ಲಿ ಎಡಗಾಲಿನದಕ್ಕೆ ಸೈಕಲ್ ಟ್ಯೂಬಿನ ತೇಪೆ. ಕಟ್ಟೆಯ ಮುಂದೆ ನಿಂತಳೆಂದರೆ ಮೂರೇ ಏಟು. ಕಿವಿರಿನ ಕೆಳಗೊಂದು, ಹೊಟ್ಟೆಯುದ್ದಕ್ಕೊಂದು, ಬೆರಳು ಹಾಕಿ ಎಳೆಯುವುದೊಂದು. ಕರುಳು ಎಲ್ಲೂ ಹರಿಯದೆ ಇಡಿಯಾಗಿ ಕೈಗೆ ಬರಬೇಕು. ಹರಿದರೆ ಮಾಂಸ ಕಹಿಯಾಗುತ್ತದೆ. ಹಾಗೆ ಹರಿದವಳಿಗೆ ಆ ದಿನವಿಡೀ ಅವಳ ಮಾತು ತಪ್ಪಿದ್ದಲ್ಲ.

ಕರುಳು ನೋಡಿ ಅವಳು ಮೀನಿನ ಪೂರ್ವಾಪರ ಹೇಳಬಲ್ಲಳು. ಏನು ತಿಂದಿತ್ತು, ಎಷ್ಟು ದಿನ ಉಪವಾಸ ಇತ್ತು, ಬಲೆಯಲ್ಲಿ ಎಷ್ಟು ಹೊತ್ತು ಒದ್ದಾಡಿತ್ತು, ಎಲ್ಲ. ಜಂತುಹುಳುಗಳಂತೂ ಅವಳಿಗೆ ನೆಂಟರಷ್ಟು ಪರಿಚಿತ. ದಾರದಂಥವು, ಪಟ್ಟಿಯಂಥವು, ಸುರುಳಿ ಸುತ್ತಿ ಗುಂಡಿಯಂತೆ ಕೂತವು. ಹುಳವಿದ್ದ ಕರುಳು ನೀಲಿ ಬಕೆಟ್ಟಿಗೆ, ಅಲ್ಲಿಂದ ಶೆಡ್ಡಿನ ಹಿಂದಿನ ಗುಂಡಿಗೆ. ಹುಳವಿಲ್ಲದ ಒಳ್ಳೆಯ ಕರುಳು ಕೆಂಪು ಬಕೆಟ್ಟಿಗೆ. ಈ ಕಥೆಯೆಲ್ಲ ಆ ಕೆಂಪು ಬಕೆಟ್ಟಿನದು.

ಅವಳು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಅತ್ತೆ ಇರಲಿಲ್ಲ. ಇದ್ದವರು ಇಬ್ಬರೇ. ಐಸ್ ಪುಡಿ ಮಾಡುವ ಯಂತ್ರ ನಡೆಸುತ್ತಿದ್ದ, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದ ಗಂಡ. ಮತ್ತು ಆರು ವರ್ಷದ ಮೈದುನ. ಮೈದುನ ಎಂದರೆ ಎಲುಬಿನ ಹಂದರ. ತಾಯಿ ಹೋದ ಮೇಲೆ ಅನ್ನ ಸೇರುತ್ತಿರಲಿಲ್ಲ. ಹೊಸ ಮದುಮಗಳು ತನ್ನ ತಟ್ಟೆ ಪಕ್ಕಕ್ಕಿಟ್ಟು ಅವನನ್ನು ಅಟ್ಟಾಡಿಸಿ ಹಿಡಿದು, ಗದರಿಸಿ, ಪುಸಲಾಯಿಸಿ, ತುತ್ತು ಮಾಡಿ ತಿನ್ನಿಸಿದಳು. ವರ್ಷ ಕಳೆಯುವಷ್ಟರಲ್ಲಿ ಹುಡುಗ ಮೈ ತುಂಬಿಕೊಂಡ. ಹಸಿದಾಗ "ಅತ್ತಿಗೇ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅವಳಿಗೆ ಮಕ್ಕಳಾಗಲಿಲ್ಲ. ಆ ಕೊರಗು ಇರಲಿಲ್ಲವೆಂದರೆ ಸುಳ್ಳಾದೀತು, ಆದರೆ ಕೊರಗುತ್ತ ಕೂರಲು ಈ ಮೈದುನ ಪುರುಸೊತ್ತು ಕೊಡಲಿಲ್ಲ.

ಗಂಡ ಎದೆಯ ಕಾಯಿಲೆಯಿಂದ ಹೋಗಿ ಹನ್ನೊಂದು ವರ್ಷ. ಮೈದುನನಿಗೆ ಈಗ ನಲವತ್ತು ಹತ್ತಿರ. ಹಗ್ಗ ಮತ್ತು ಬಣ್ಣ ಮಾರುವ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅತ್ತಿಗೆ ಮೈದುನ ಇಬ್ಬರೇ. ಮದುವೆಯ ಮಾತೆತ್ತಿದರೆ "ಈ ಮೀನು ಒಂದು ದಡ ಸೇರಲಿ ಅತ್ತಿಗೆ" ಎನ್ನುತ್ತಾನೆ. ಆ ಮೀನು ಇರುವುದು ಕೊಲ್ಲಿಯಲ್ಲಿ, ಬಲೆಯ ಪಂಜರಗಳಲ್ಲಿ. ತೇಲುವ ಚೌಕಟ್ಟಿಗೆ ಬಲೆ ಇಳಿಬಿಟ್ಟು, ಅದರೊಳಗೆ ಮರಿ ಬಿಟ್ಟು ಸಾಕುವುದು. ಅವನವು ಐದು ಪಂಜರ, ದಡದ ಕಡೆಯಿಂದ ಸಮುದ್ರದ ಕಡೆಗೆ ಸಾಲಾಗಿ ಒಂದು, ಎರಡು, ಮೂರು, ನಾಲ್ಕು, ಐದು. ಒಂದನೆಯದಕ್ಕಿಂತ ಮೇಲೆ, ದಡಕ್ಕೆ ಹತ್ತಿರ, ಗ್ರೀಸಣ್ಣನ ಪಂಜರಗಳು.

ಗ್ರೀಸಣ್ಣ ಮುಂಚೆ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಮುದುಕ. ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿಲ್ಲ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಜೋರು. ಅವನು ನಮಸ್ಕಾರ ಹೇಳಿದರೂ ಜಗಳಕ್ಕೆ ಬಂದಂತೆ ಕೇಳಿಸುತ್ತದೆ.

ಮೈದುನ ತನ್ನ ಮೀನಿಗೆ ಚೀಲದ ಆಹಾರ ಹಾಕುತ್ತಿದ್ದ, ಗುಳಿಗೆಯಂಥ ಒಣ ಕಾಳು. ಚೂರಿಯಕ್ಕನಿಗೆ ಅದನ್ನು ಕಂಡರಾಗದು.

"ಬೆಳಗೂ ಸಂಜೆನೂ ಒಣ ಗುಳಿಗೆ ನುಂಗಿ ಯಾರಾದ್ರೂ ಮೈ ತುಂಬ್ಕೋತಾರೇನೋ? ಅವೇನು ಮೀನೋ, ಆಸ್ಪತ್ರೆ ರೋಗಿಗಳೋ?"

"ಅತ್ತಿಗೆ, ಎಲ್ಲರೂ ಅದನ್ನೇ ಹಾಕೋದು."

"ಎಲ್ಲರ ಮನೇಲೂ ನಾನಿಲ್ಲ."

ಅವನು ನಕ್ಕ. ಅಂದಿನಿಂದ ಮಧ್ಯಾಹ್ನ ಶೆಡ್ಡಿನ ಕೆಲಸ ಮುಗಿದೊಡನೆ ಅವಳು ಕೆಂಪು ಬಕೆಟ್ಟಿನ ಕರುಳನ್ನು ಸಣ್ಣಗೆ ಕೊಚ್ಚಿ, ಪುಟ್ಟ ದೋಣಿಗೆ ಹುಟ್ಟು ಹಾಕುತ್ತ ಪಂಜರಗಳಿಗೆ ಹೋಗತೊಡಗಿದಳು. ಶೆಡ್ಡಿರುವುದು ಕೊಲ್ಲಿಯ ಬಾಯಲ್ಲಿ, ಸಮುದ್ರದ ಕಡೆ. ಆದ್ದರಿಂದ ಮೊದಲು ಸಿಗುವುದು ಐದನೆಯ ಪಂಜರ. ಅಲ್ಲಿ ಧಾರಾಳವಾಗಿ ಹಾಕುವಳು. ನಾಲ್ಕಕ್ಕೆ ಬರುವಷ್ಟರಲ್ಲಿ ಬಕೆಟ್ಟು ಅರ್ಧ. ಮೂರಕ್ಕೆ ತಳದ ಕಾಲುಭಾಗ. ಎರಡು ಮತ್ತು ಒಂದಕ್ಕೆ ಏನೂ ಉಳಿಯುತ್ತಿರಲಿಲ್ಲ. ನೀರೆಲ್ಲ ಕುದಿಯುವಂತೆ ಮೀನುಗಳು ಮೇಲೆದ್ದು ಬಾಯಿ ಕಳೆಯುವುದನ್ನು ನೋಡುವಾಗ ಅವಳ ಮುಖ ಅರಳುತ್ತಿತ್ತು. ಖಾಲಿ ಬಕೆಟ್ಟು ಹಿಡಿದು ಒಂದು, ಎರಡರ ಕಡೆ ನೋಡುವಾಗ ಮಾತ್ರ ಕರುಳು ಚುರ್ ಎನ್ನುತ್ತಿತ್ತು. "ಪಾಪ, ನಿಮಗೆ ನಾಳೆ" ಎಂದು ಅವಕ್ಕೆ ಗಟ್ಟಿಯಾಗಿಯೇ ಹೇಳಿ ಬರುತ್ತಿದ್ದಳು. ಆ ನಾಳೆ ಬರಲೇ ಇಲ್ಲ.

ಎರಡು ತಿಂಗಳಾದ ಮೇಲೆ ಐದನೆಯ ಪಂಜರದ ಮೀನು ಸೊರಗತೊಡಗಿದವು. ತಿಂದರೂ ಮೈಗೆ ಹತ್ತದು. ಬರಬರುತ್ತ ತಿನ್ನುವುದನ್ನೂ ಬಿಟ್ಟವು. ತಲೆ ದೊಡ್ಡದಾಗಿ, ಬೆನ್ನು ಸವೆದು ಅಲಗಿನಂತಾಗಿ, ಹೊಟ್ಟೆ ಒಳಕ್ಕೆ ಸೇರಿ, ಒಂದೊಂದಾಗಿ ತೇಲಿದವು. ಸತ್ತ ಮೀನುಗಳನ್ನು ಮೈದುನ ಬುಟ್ಟಿಯಲ್ಲಿ ತಂದು, "ಅತ್ತಿಗೆ, ಇವನ್ನ ನಿಮ್ಮ ಗುಂಡೀಲಿ ಹೂತುಬಿಡಿ" ಎಂದು ಶೆಡ್ಡಿನ ಬಾಗಿಲಲ್ಲಿಟ್ಟು ಹೋಗುತ್ತಿದ್ದ.

ಅವಳು ಹೂಳುತ್ತಿದ್ದಳು, ಎಲ್ಲವನ್ನೂ ಅಲ್ಲ. ಆಗಷ್ಟೇ ಸತ್ತು, ಕಿವಿರು ಇನ್ನೂ ಕೆಂಪಾಗಿರುವ ಮೀನನ್ನು ಮಣ್ಣಿಗೆ ಹಾಕಲು ಅವಳಿಗೆ ಕೈ ಬಾರದು. ಹೊಟ್ಟೆ ಸೀಳಿ, ಕರುಳನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡುವಳು. ಕರುಳು ತೆಳ್ಳಗಾಗಿ, ಒಳಗೆ ನೀರು ತುಂಬಿ, ಗಾಜಿನಂತೆ ಕಾಣುತ್ತಿತ್ತು. ಆದರೆ ಒಂದೇ ಒಂದು ಹುಳವಿಲ್ಲ. ಹುಳವಿಲ್ಲದ ಮೇಲೆ ಏನು ದೋಷ? ಹಸಿವಿನಿಂದ ಸತ್ತಿವೆ, ಉಳಿದವಾದರೂ ಹೊಟ್ಟೆ ತುಂಬ ತಿನ್ನಲಿ ಎಂದು ಅದನ್ನೂ ಕೊಚ್ಚಿ ಕೆಂಪು ಬಕೆಟ್ಟಿಗೆ ಸೇರಿಸಿದಳು. ಮೈದುನನಿಗೆ ಹೇಳಲಿಲ್ಲ. ಬಚ್ಚಿಡಬೇಕೆಂದಲ್ಲ, ಹೇಳುವಂಥ ವಿಷಯ ಅನ್ನಿಸಲೇ ಇಲ್ಲ.

ಹದಿನೈದು ದಿನಕ್ಕೆ ರೋಗ ನಾಲ್ಕನೆಯದಕ್ಕೆ ಹಿಡಿಯಿತು. ಆಮೇಲೆ ಮೂರನೆಯದಕ್ಕೆ.

ಮೈದುನ ನಿದ್ದೆ ಬಿಟ್ಟ. ಗಡ್ಡ ಬಿಟ್ಟ. ಕೊನೆಗೆ ಗ್ರೀಸಣ್ಣನ ಹಿಂದೆ ಬಿದ್ದ. ಕೊಲ್ಲಿಯಲ್ಲಿ ಆ ಕಾಲಕ್ಕೆ ನೀರಿನ ಸೆಳೆತ ದಡದಿಂದ ಸಮುದ್ರದ ಕಡೆಗೆ. ಗ್ರೀಸಣ್ಣನ ಪಂಜರದ ನೀರೇ ಇವನ ಪಂಜರಕ್ಕೆ ಬರುವುದು. ಆ ಮುದುಕ ಬೇರೆ, ಹೋದ ತಿಂಗಳು ತನ್ನ ಮೀನನ್ನೆಲ್ಲ ಒಂದೇ ಸಲ ಹಿಡಿದು ಮಾರಿ, ಬಲೆಗಳನ್ನು ಅಲ್ಲೇ ನೀರಿನಲ್ಲಿ ಜಾಲಾಡಿಸಿ ತೊಳೆದಿದ್ದ.

"ರೋಗ ಬಂದಿದ್ದು ಗೊತ್ತಾಗಿ ಮಾರಿ ಕೈ ತೊಳ್ಕೊಂಡಿದ್ದಾನೆ ಅತ್ತಿಗೆ. ನಮ್ಮ ತಲೆಗೆ ಕಟ್ಟಿ ಹೋದ. ಮತ್ತೆ ಅವನಿಗೆ ಆ ಜಾಗ ಸಿಗಬಾರದು, ಅಷ್ಟೇ."

ಪಂಜರದವರ ಸಂಘಕ್ಕೆ ದೂರು ಹೋಯಿತು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಗ್ರೀಸಣ್ಣನ ಜಾಗ ಉಳಿಯುವುದೋ ಹೋಗುವುದೋ ಅಲ್ಲಿ ತೀರ್ಮಾನ. ಜಾಗ ಹೋದರೆ ಆ ವಯಸ್ಸಿನಲ್ಲಿ ಅವನಿಗೆ ಬೇರೆ ದಾರಿ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಮೀನಿನ ಪ್ರಯೋಗಾಲಯದಿಂದ ಒಬ್ಬ ಹೆಣ್ಣುಮಗಳು ಬಂದಳು. ತೋಳಿಗೆ ಚೀಲ, ಕೈಯಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮೈಕ್ರೋಸ್ಕೋಪು. ಐದೂ ಪಂಜರಗಳಿಂದ ಎರಡೆರಡು ಮೀನು ತಂದಿದ್ದಳು. ಕರುಳು ಹರಿಯದಂತೆ ತೆಗೆಯಬೇಕು, ಅದಕ್ಕೆ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲವೆಂದು ಮೇಸ್ತ್ರಿ ಹೇಳಿದರು ಎಂದಳು. ಚೂರಿಯಕ್ಕ ಉಬ್ಬಿಹೋಗಿ ಚೂರಿಯನ್ನು ಕಲ್ಲಿಗೆ ಎರಡು ಸಲ ಹೆಚ್ಚಾಗಿಯೇ ಉಜ್ಜಿದಳು. ಹತ್ತೂ ಮೀನಿನ ಕರುಳನ್ನು ಸಾಲಾಗಿ ಜೋಡಿಸಿಟ್ಟಳು. ಒಂದು ಮತ್ತು ಎರಡನೆಯ ಪಂಜರದವು ಗಟ್ಟಿಯಾಗಿ, ಕೆನೆಬಣ್ಣದಲ್ಲಿ. ಉಳಿದವು ಗಾಜಿನಂತೆ.

"ನಾನೂ ನೋಡಿದೀನಿ ತಾಯಿ, ಹುಳ ಇಲ್ಲ," ಎಂದಳು.

"ಹುಳ ಆಗಿದ್ರೆ ಇಷ್ಟು ಬೇಗ ಹರಡ್ತಿರಲಿಲ್ಲ ಅಕ್ಕ," ಎಂದಳು ಪ್ರಯೋಗಾಲಯದವಳು, ಗಾಜಿನ ಪಟ್ಟಿಗೆ ಕರುಳಿನ ಹನಿ ಸವರುತ್ತ. "ಸಮುದ್ರದ ಮೀನಿನ ಜಂತುಹುಳಕ್ಕೆ ಸಾಮಾನ್ಯವಾಗಿ ದೊಡ್ಡ ಪ್ರಯಾಣ. ಅದರ ಮೊಟ್ಟೆ ಹೊಲಸಿನ ಜೊತೆ ನೀರಿಗೆ ಬೀಳುತ್ತೆ. ಕಂಡೂ ಕಾಣದಷ್ಟು ಸಣ್ಣ ಸಿಗಡಿಯಂಥ ಜೀವಿ ಅದನ್ನ ತಿನ್ನುತ್ತೆ. ಅದನ್ನ ಚಿಕ್ಕ ಮೀನು, ಚಿಕ್ಕದನ್ನ ದೊಡ್ಡದು. ಹಾಗೆ ಹೊಟ್ಟೆಯಿಂದ ಹೊಟ್ಟೆಗೆ ದಾಟಿ ದಾಟಿ ತನ್ನ ಜಾಗ ಸೇರುತ್ತೆ."

"ಕಚೇರಿ ಫೈಲಿನ ಹಾಗೆ ಅನ್ನು. ನಾಲ್ಕು ಮೇಜು ದಾಟದೆ ಮೇಲಕ್ಕೆ ಹೋಗಲ್ಲ."

ಅವಳು ನಕ್ಕಳು. "ಹಾಗೇ ಅಂದ್ಕೊಳ್ಳಿ. ಆದ್ರೆ ಇದು ಹುಳ ಅಲ್ಲ, ತೀರಾ ಸಣ್ಣ ಪರಾವಲಂಬಿ. ಇದಕ್ಕೆ ನಡುವೆ ಯಾರೂ ಬೇಡ. ಒಂದು ಮೀನಿನ ಕರುಳಿಂದ ಇನ್ನೊಂದರ ಬಾಯಿಗೆ, ನೇರವಾಗಿ. ರೋಗದ ಮೀನಿನ ಹೊಲಸೋ, ಕರುಳಿನ ಚೂರೋ, ಸತ್ತ ಮೀನೋ, ಯಾವುದು ತಿಂದ್ರೂ ಬಂತು. ಬನ್ನಿ, ನೋಡಿ."

ಚೂರಿಯಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಬಾಗಿದ ಕಾಳಿನಂಥವು, ನೂರಾರು. ಒಂದೊಂದರಲ್ಲೂ ಎರಡೆರಡು ಚುಕ್ಕೆ, ಕಣ್ಣು ಬಿಟ್ಟಂತೆ. ಮೂವತ್ತೊಂದು ವರ್ಷ ಕರುಳು ನೋಡಿದವಳ ಕಣ್ಣಿಗೆ ಒಮ್ಮೆಯೂ ಬೀಳದವು.

"ಒಂದು, ಎರಡರಲ್ಲಿ ಇಲ್ಲ. ಮೂರು, ನಾಲ್ಕು, ಐದರಲ್ಲಿ ತುಂಬಿದೆ," ಎಂದು ಬರೆದುಕೊಂಡ ಹೆಣ್ಣುಮಗಳು ಕೇಳಿದಳು, "ಮೀನಿಗೆ ಏನು ಹಾಕ್ತಿದ್ರಿ ಅಕ್ಕ?"

"ಚೀಲದ ಆಹಾರ."

"ಬೇರೆ ಏನಾದ್ರೂ?"

"ಬೇರೆ ಏನಿಲ್ಲ."

ಮಾತು ತಾನಾಗಿ ಬಾಯಿಂದ ಜಾರಿತು. ಪ್ರಯೋಗಾಲಯದವಳು ಅದನ್ನೂ ಬರೆದುಕೊಂಡು, ಪೆಟ್ಟಿಗೆ ಮುಚ್ಚಿ, ವಂದನೆ ಹೇಳಿ ಹೋದಳು. ಚೂರಿಯಕ್ಕನ ಕಾಲಡಿಯಲ್ಲಿ ಆ ದಿನದ ಕೆಂಪು ಬಕೆಟ್ಟು ತುಂಬಿ ಕೂತಿತ್ತು.

ಅಭ್ಯಾಸಬಲದಿಂದ ಅದನ್ನೆತ್ತಿ ದೋಣಿಗಿಟ್ಟಳು. ಹುಟ್ಟು ಹಾಕಿದಳು. ಸೆಳೆತ ಎದುರಿನಿಂದ ಬಡಿಯುತ್ತಿತ್ತು, ದಿನವೂ ಬಡಿಯುವಂತೆ. ತೋಳು ನೋಯುತ್ತಿತ್ತು, ದಿನವೂ ನೋಯುವಂತೆ. ಐದನೆಯ ಪಂಜರ ಬಂತು. ಬಕೆಟ್ಟಿಗೆ ಕೈ ಹಾಕಿದವಳು ಹಾಗೇ ನಿಂತಳು.

ನೀರು ಗ್ರೀಸಣ್ಣನ ಕಡೆಯಿಂದ ಬರುತ್ತದೆ. ರೋಗ ನೀರಿನ ಜೊತೆ ಬಂದಿದ್ದರೆ ಮೊದಲು ಒಂದನೆಯ ಪಂಜರಕ್ಕೆ ಬರಬೇಕಿತ್ತು, ಆಮೇಲೆ ಎರಡಕ್ಕೆ. ಬಂದದ್ದು ಮೊದಲು ಐದಕ್ಕೆ. ಆಮೇಲೆ ನಾಲ್ಕು, ಆಮೇಲೆ ಮೂರು. ಸೆಳೆತಕ್ಕೆ ಎದುರಾಗಿ. ಈ ಕೊಲ್ಲಿಯಲ್ಲಿ ದಿನಾ ಸೆಳೆತಕ್ಕೆ ಎದುರಾಗಿ ಐದರಿಂದ ಮೂರಕ್ಕೆ ಹೋಗುವುದು ಒಂದೇ.

ದೋಣಿಯ ಹಲಗೆಯ ಮೇಲೆ ಕೂತಳು. ತಾನು ಪಾಪ ಎಂದ ಎರಡು ಪಂಜರಗಳು ಬದುಕಿದ್ದವು. ತಾನು ಕೈಯಾರೆ ತಿನ್ನಿಸಿದವು ಸತ್ತಿದ್ದವು. ಅವಳು ಅತ್ತಳು, ಸೆರಗು ಬಾಯಿಗೆ ಒತ್ತಿಕೊಂಡು, ಗಂಡ ಹೋದಾಗ ಅತ್ತದ್ದಕ್ಕಿಂತ ಹೆಚ್ಚು.

ಸುಮ್ಮನಿದ್ದರೆ ರೋಗ ಬಂದದ್ದು ಈ ಬಕೆಟ್ಟಿನಿಂದ ಎಂದು ಯಾರಿಗೂ ತಿಳಿಯುವುದಿಲ್ಲ. ನಾಳೆಯಿಂದ ಬಕೆಟ್ಟು ಗುಂಡಿಗೆ ಹೋದರಾಯಿತು. ಗ್ರೀಸಣ್ಣನ ಬಾಯಿ ಯಾರಿಗೂ ಬೇಡದ್ದು, ಅವನ ಪರ ನಿಲ್ಲುವವರಿಲ್ಲ. ಹೇಳಿದರೆ ಶೆಡ್ಡಿನಲ್ಲಿ ಅವಳ ಚೂರಿಗಿದ್ದ ಹೆಸರು ಅಲ್ಲಿಗೆ ಮುಗಿಯಿತು. ಅದಾದರೂ ಹೋಗಲಿ. ಮೈದುನ? ಹೂಳಿ ಎಂದು ಕೊಟ್ಟ ಮೀನನ್ನು ಅವನ ಮೀನಿಗೇ ತಿನ್ನಿಸಿದವಳ ಮುಖವನ್ನು ಅವನು ಹೇಗೆ ನೋಡುತ್ತಾನೆ? ಅವಳಿಗೆ ಈ ಭೂಮಿಯ ಮೇಲೆ ಇದ್ದ ಒಬ್ಬನೇ ಒಬ್ಬ ಅವನು.

ಬಕೆಟ್ಟನ್ನು ಹಾಗೇ ವಾಪಸ್ಸು ತಂದು ಗುಂಡಿಗೆ ಸುರಿದು ಮಣ್ಣೆಳೆದಳು. ಸಂಜೆ ಮೈದುನನಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಅವನು ನಾಳಿನ ಮಾತುಗಳನ್ನು ಕಾಗದದ ಮೇಲೆ ಬರೆದು, ಕೋಣೆಯ ಉದ್ದಗಲ ಓಡಾಡುತ್ತ ಬಾಯಿಪಾಠ ಮಾಡುತ್ತಿದ್ದ. ಎರಡು ಸಲವೂ ಅವಳು ನೀರು ಬೇಕೇನೋ ಎಂದು ಕೇಳಿ ಒಳಗೆ ಹೋದಳು.

ಸಭೆ ಬಲೆ ಹೆಣೆಯುವ ಕೋಣೆಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ನೇತುಹಾಕಿದ ಬಲೆಯ ಸುರುಳಿಗಳು, ಮುಂದೊಂದು ಮೇಜು, ಮೇಜಿನ ಹಿಂದೆ ಸಂಘದ ಅಧ್ಯಕ್ಷ. ಮೈದುನ ಎದ್ದು ಚೆನ್ನಾಗಿ ಮಾತಾಡಿದ. ಸೆಳೆತ ಹೀಗೆ, ಬಲೆ ತೊಳೆದದ್ದು ಹಾಗೆ, ಮಾರಿದ್ದು ಈ ದಿನ. ಕುರ್ಚಿಗಳಲ್ಲಿದ್ದವರ ತಲೆಗಳು ಒಂದೊಂದಾಗಿ ಆಡತೊಡಗಿದವು. ಗ್ರೀಸಣ್ಣನಿಗೆ ಮಾತಾಡಲು ಹೇಳಿದಾಗ ಅವನು ಎದ್ದು "ನನ್ನ ಮೀನು ಕಲ್ಲಿನ ಹಾಗಿತ್ತು ಕಣ್ರೋ, ಕಲ್ಲು!" ಎಂದು ಕಿರುಚಿದ. ಆಮೇಲೆ ಕಪ್ಪು ಉಗುರಿನ ಕೈಗಳನ್ನು ಮುಂದೆ ಚಾಚಿಕೊಂಡು ಸುಮ್ಮನೆ ನಿಂತುಬಿಟ್ಟ. ಅವನು ಕಿರುಚದೆ ನಿಂತದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ.

ಬಾಗಿಲ ಹತ್ತಿರ ಕೂತಿದ್ದ ಚೂರಿಯಕ್ಕ ಎದ್ದಳು. ಕೈಯಲ್ಲಿ ಕೆಂಪು ಬಕೆಟ್ಟಿತ್ತು. ಅದನ್ನು ತಂದು ಅಧ್ಯಕ್ಷನ ಮೇಜಿನ ಮೇಲೆ, ಅವನ ಕಾಗದಗಳ ನಡುವೆ, ಧಡ್ ಎಂದು ಇಟ್ಟಳು.

"ಏನಮ್ಮಾ ಇದು?"

"ರೋಗ ಬಂದ ದಾರಿ," ಎಂದಳು. ದನಿ ನಡುಗಿತು. ನಡುಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಗಟ್ಟಿ ಮಾಡಿಕೊಂಡಳು. "ನೀರು ಗ್ರೀಸಣ್ಣನ ಕಡೆಯಿಂದ ಬಂದು ಮೊದಲು ಯಾವ ಪಂಜರ ಮುಟ್ಟುತ್ತೆ? ಒಂದನೇದು. ಅದರಲ್ಲಿ ರೋಗ ಇಲ್ಲ. ಮೊದಲು ಬಂದಿದ್ದು ಐದಕ್ಕೆ. ನಾನು ದೋಣಿ ತಗೊಂಡು ಹೋದಾಗ ಮೊದಲು ಸಿಗೋದು ಐದು. ಈ ಬಕೆಟ್ಟು ಮೂರಕ್ಕೆ ಮುಗೀತಿತ್ತು, ರೋಗನೂ ಮೂರಕ್ಕೇ ನಿಂತಿದೆ. ಸಮುದ್ರದಲ್ಲಿ ಹಿಡಿದ ಮೀನಿನ ಹಸಿ ಕರುಳು ಹಾಕಿದೆ. ಸತ್ತಿದ್ದನ್ನ ಮೈದುನ ಹೂಳಿ ಅಂತ ಕೊಟ್ಟಿದ್ದ, ಹೂಳಲಿಲ್ಲ. ಕೊಚ್ಚಿ ಅವಕ್ಕೇ ಹಾಕಿದೆ. ಹುಳ ಇಲ್ಲ, ಚೆನ್ನಾಗಿದೆ ಅಂದ್ಕೊಂಡೆ. ಆ ಲ್ಯಾಬಿನ ಹುಡುಗಿ ಕೇಳಿದಾಗ ಸುಳ್ಳು ಹೇಳಿದೆ. ಈ ಮನುಷ್ಯನದು ಏನೂ ತಪ್ಪಿಲ್ಲ. ನಾನೇ. ಕೈಯಾರೆ ತಿನ್ನಿಸಿದೀನಿ."

ಇಷ್ಟನ್ನೂ ಅವಳು ಹೇಳಿದ್ದು ಅಧ್ಯಕ್ಷನಿಗಲ್ಲ, ಮೈದುನನಿಗೆ. ಅವನ ಕಡೆಗೇ ನೋಡುತ್ತ ಹೇಳಿದಳು. ಅವನು ಕೈಯಲ್ಲಿದ್ದ ಕಾಗದ ಮಡಿಸಿದ, ಇನ್ನೊಮ್ಮೆ ಮಡಿಸಿದ, ಜೇಬಿಗಿಟ್ಟುಕೊಂಡು ಹೊರಗೆ ನಡೆದ.

ಗ್ರೀಸಣ್ಣನ ಜಾಗ ಉಳಿಯಿತು. ಮೂರು ಪಂಜರಗಳನ್ನು ಖಾಲಿ ಮಾಡಿ, ಮೀನನ್ನು ಸುಣ್ಣ ಹಾಕಿ ಹೂತರು. ಬಲೆಗಳನ್ನು ದಡಕ್ಕೆಳೆದು ಬಿಸಿಲಿಗೆ ಹರಡಿದರು. ಶೆಡ್ಡಿನಲ್ಲಿ ಅವಳೆದುರು ಯಾರೂ ಏನೂ ಆಡಲಿಲ್ಲ. ಬೆನ್ನ ಹಿಂದೆ ಆಡಿದ್ದು ಬೆನ್ನಿಗೇ ತಾಗುತ್ತಿತ್ತು. ಒಂದು ಮಧ್ಯಾಹ್ನ ಗ್ರೀಸಣ್ಣ ಸ್ಪಾನರು ಹಿಡಿದು ಬಂದು, ಅವಳ ನಲ್ಲಿ ಬಿಚ್ಚಿ ಒಳಗೆ ಹೊಸ ವಾಷರು ಹಾಕಿದ. "ಮೂರು ವರ್ಷದಿಂದ ಸೋರ್ತಿದೆ, ಹೇಳೋಕೇನು ನಿನಗೆ?" ಎಂದು ಊರಿಗೆಲ್ಲ ಕೇಳುವಂತೆ ಅರಚಿ ಹೋದ. ಅವಳಿಗೆ ಅದು ಹಿತವಾಗಿ ಕೇಳಿಸಿತು.

ಮೈದುನ ಮನೆ ಬಿಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅಂದಿನಿಂದ ಅವನು ಅಡುಗೆಮನೆಗೆ ತಾನೇ ಬಂದು, ಪಾತ್ರೆಯಿಂದ ತಾನೇ ಬಡಿಸಿಕೊಂಡು, ಕಿಟಕಿಯ ಬಳಿ ತಿರುಗಿ ಕೂತು ತಿನ್ನುತ್ತಿದ್ದ. ಮೂವತ್ತಮೂರು ವರ್ಷದಲ್ಲಿ ಅವನ ತಟ್ಟೆಗೆ ಅವಳ ಕೈಯಿಂದಲ್ಲದೆ ಅನ್ನ ಬಿದ್ದದ್ದು ಜ್ವರ ಬಂದು ಅವಳೇ ಮಲಗಿದ ದಿನಗಳಲ್ಲಿ ಮಾತ್ರ. ಸೌಟು ಹಿಡಿದು ನಿಂತ ಅವಳ ಕೈ ಖಾಲಿಯಾಗಿ ಉಳಿಯುತ್ತಿತ್ತು. ಅವನು ಬೇಕೆಂದು ಮಾಡುತ್ತಿದ್ದಾನೆ ಅನ್ನಿಸಲಿಲ್ಲ. ಅವನಿಗೂ ಬೇರೆ ಏನು ಮಾಡಬೇಕೋ ತಿಳಿದಿಲ್ಲ ಅನ್ನಿಸಿತು. ಅದರಿಂದ ನೋವೇನೂ ಕಡಿಮೆಯಾಗಲಿಲ್ಲ.

ಹೀಗೆ ಐದು ವಾರ. ಒಂದು ಬೆಳಿಗ್ಗೆ ಅವನು ಶೆಡ್ಡಿಗೆ ಬಂದ. ಕೈಯಲ್ಲಿ ಒಂದು ಮೀನು, ತುಂಬಿದ ಬೆನ್ನು, ದುಂಡನೆಯ ಹೊಟ್ಟೆ. ಅದನ್ನು ಅವಳ ಕಟ್ಟೆಯ ಮೇಲಿಟ್ಟ.

"ಒಂದನೇ ಪಂಜರದ್ದು. ಸೀಳಿ ನೋಡಿ ಅತ್ತಿಗೆ."

ಆ ಕೊನೆಯ ಪದ ಕೇಳಿ ಅವಳು ಚೂರಿಯನ್ನು ಕಟ್ಟೆಯ ಮೇಲಿಟ್ಟಳು. "ನನ್ನ ಕಣ್ಣಿಗೆ ಕಾಣದ್ದೂ ಇರುತ್ತಪ್ಪ. ಲ್ಯಾಬಿಗೆ ಕೊಡು."

"ಕೊಟ್ಟಿದ್ದೆ. ಎರಡೂ ಪಂಜರ ಶುದ್ಧವಾಗಿದೆ ಅಂತ ಬರೆದು ಕೊಟ್ಟಿದ್ದಾರೆ. ಕಾಗದ ಜೇಬಲ್ಲಿದೆ."

"ಮತ್ತೆ ಇದು ಯಾಕೆ?"

ಅವನು ಬಟ್ಟೆ ಬಿಚ್ಚಿದ್ದ ನಲ್ಲಿಯನ್ನು ಒಮ್ಮೆ ತಿರುಗಿಸಿ ನಿಲ್ಲಿಸಿದ. ನೀರು ನಿಂತಿತು.

ಚೂರಿಯಕ್ಕ ಸೀಳಿದಳು. ಮೂರೇ ಏಟು. ಕರುಳು ಇಡಿಯಾಗಿ ಬಂತು, ಗಟ್ಟಿಯಾಗಿ, ಕೆನೆಬಣ್ಣದಲ್ಲಿ. ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದಳು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ, ಮತ್ತೊಮ್ಮೆ ಮೊದಲಿಂದ ನೋಡಿದಳು. ಕರುಳನ್ನು ನೀಲಿ ಬಕೆಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ಚೆನ್ನಾಗಿದೆ ಕಣೋ," ಎಂದಳು.

ಅವನು ತಲೆಯಾಡಿಸಿ ಬಾಗಿಲವರೆಗೆ ಹೋದವನು ನಿಂತ. ಬೆನ್ನು ಅವಳ ಕಡೆಗೇ ಇತ್ತು.

"ಮಧ್ಯಾಹ್ನಕ್ಕೆ ಅದನ್ನೇ ಮಾಡಿ ಅತ್ತಿಗೆ. ನಾನು ಬೇಗ ಬರ್ತೀನಿ. ನೀವೇ ಬಡಿಸಿ."